ಉಮ್ಮತ್ತಿಯಿಂದ ಹೊಟ್ಟೆನೋವಿನ ಗುಳಿಗೆಯವರೆಗೆ

ರಜೆ ಮುಗಿಸಿ ದುಬೈಗೆ ಮರಳುವ ನಮ್ಮವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಚಕ್ಕುಲಿಗಳ ಜೊತೆ ಹೊಟ್ಟೆನೋವಿನ ಗುಳಿಗೆಯೂ ಇದ್ದೇ ಇರುತ್ತದೆ. ಅದರ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾದ 'ಡೈಸೈಕ್ಲೊಮೈನ್' ಎಂಬ ಹೆಸರನ್ನು ಓದುವವರು ಕಡಿಮೆ.

ಈ ಔಷಧದ ಮೂಲಪುರುಷ ನಮ್ಮ ಹಿತ್ತಲಲ್ಲೇ ಇದ್ದಾನೆ. ಶಿವನಿಗೆ ಏರಿಸುವ ಉಮ್ಮತ್ತಿ ಹೂವಿನ ಗಿಡದಲ್ಲಿ ಹಯೋಸಯಮೈನ್, ಹಯೋಸಿನ್ ಎಂಬ ಆಲ್ಕಲಾಯ್ಡುಗಳಿವೆ. ಕರುಳಿನ ಸ್ನಾಯುವಿಗೆ 'ಹಿಂಡು' ಎಂದು ಆಜ್ಞೆ ಒಯ್ಯುವುದು ನರದ ತುದಿಯಿಂದ ಹೊರಬೀಳುವ ಅಸಿಟೈಲ್‌ಕೋಲಿನ್. ಅದು ಕೂರಬೇಕಾದ ಜಾಗದಲ್ಲಿ ಇವು ಮೊದಲೇ ಹೋಗಿ ಕೂತುಬಿಡುತ್ತವೆ. ಆಜ್ಞೆ ತಲುಪುವುದಿಲ್ಲ, ನುಲಿತ ನಿಲ್ಲುತ್ತದೆ. ತೊಂದರೆಯೆಂದರೆ ಇವು ಮಿದುಳಿಗೂ ನುಗ್ಗುತ್ತವೆ. ಉಮ್ಮತ್ತಿ ಬೀಜ ತಿಂದವರು ಹುಚ್ಚುಹುಚ್ಚಾಗಿ ಆಡುವುದು ಇದರಿಂದಲೇ.

ರಸಾಯನಶಾಸ್ತ್ರಜ್ಞರು ಎರಡು ದಾರಿ ಹಿಡಿದರು. ಹಯೋಸಿನ್‌ನ ಸಾರಜನಕಕ್ಕೆ ನಾಲ್ಕು ಇಂಗಾಲದ ಬ್ಯುಟೈಲ್ ಬಾಲವನ್ನು ಅಂಟಿಸಿದರೆ ಅದಕ್ಕೆ ಶಾಶ್ವತ ವಿದ್ಯುದಂಶ ಬರುತ್ತದೆ, ಮಿದುಳಿನ ಕೊಬ್ಬಿನ ಗೋಡೆ ದಾಟುವುದು ಕಷ್ಟವಾಗುತ್ತದೆ. 1950ರ ದಶಕದಲ್ಲಿ ಜರ್ಮನಿಯಿಂದ ಬಂದ ಬುಸ್ಕೋಪಾನ್ ಇದೇ.

ಇನ್ನೊಂದು ದಾರಿ, ಗಿಡವನ್ನೇ ಕೈಬಿಡುವುದು. ಆಲ್ಕಲಾಯ್ಡಿನ ಉಂಗುರವನ್ನು ರಾಬರ್ಟ್ ರಾಬಿನ್ಸನ್ 1917ರಲ್ಲೇ ಮೂರು ಸರಳ ವಸ್ತುಗಳನ್ನು ಒಂದೇ ಪಾತ್ರೆಯಲ್ಲಿ ಬೆರೆಸಿ ಕಟ್ಟಿದ್ದರು. ನನಗಂತೂ ಅದು ಇಂದಿಗೂ ಜಾದೂ! ಡೈಸೈಕ್ಲೊಮೈನ್‌ಗೆ ಆ ಉಂಗುರವೂ ಬೇಡವಾಯಿತು. ಒಂದು ದಪ್ಪ ಆಮ್ಲ, ಸಾರಜನಕವಿರುವ ಒಂದು ಆಲ್ಕೋಹಾಲ್, ಎರಡನ್ನೂ ಬೆಸೆಯುವ ಎಸ್ಟರ್ ಕೊಂಡಿ, ಇಷ್ಟೇ ನಕ್ಷೆ. ಫೀನೈಲ್ ಅಸಿಟೋನೈಟ್ರೈಲ್‌ಗೆ ಡೈಬ್ರೋಮೋಪೆಂಟೇನ್ ಸೇರಿಸಿ ಆರು ಇಂಗಾಲದ ಉಂಗುರ ಕಟ್ಟುತ್ತಾರೆ. ಅದರಿಂದ ಎಸ್ಟರ್ ಮಾಡಿ, ಕೊನೆಗೆ ಬೆಂಜೀನ್ ಉಂಗುರಕ್ಕೆ ಜಲಜನಕ ಉಣಿಸುತ್ತಾರೆ.

ಆದರೆ ಇದಕ್ಕೆ ಆ ಶಾಶ್ವತ ವಿದ್ಯುದಂಶವಿಲ್ಲ, ಆದ್ದರಿಂದ ಮಿದುಳು ತಲುಪಬಲ್ಲದು. ತಲೆಸುತ್ತು, ಕಣ್ಣು ಮಂಜಾಗುವುದು ಉಂಟು. ಹಸುಗೂಸುಗಳಲ್ಲಿ ಉಸಿರಾಟಕ್ಕೇ ತೊಂದರೆಯಾದ ಪ್ರಕರಣಗಳಿವೆ. ಹಾಗಾಗಿ ಆರು ತಿಂಗಳೊಳಗಿನ ಮಗುವಿಗೆ ಇದು ಕೂಡದು. ಮೊಮ್ಮಗುವಿಗೆಂದು ಊರಿನಿಂದ ಹನಿಔಷಧ ತರುವ ಅಜ್ಜಿಯರೇ, ದಯವಿಟ್ಟು ಬಾಟಲಿ ಓದಿಸಿಕೊಳ್ಳಿ.

ಈ ನೆಲದಲ್ಲಿ ಇನ್ನೊಂದು ಅಪಾಯವಿದೆ. ಬೆವರಿನ ಗ್ರಂಥಿಗಳಿಗೂ ಆಜ್ಞೆ ಕೊಡುವುದು ಅದೇ ಅಸಿಟೈಲ್‌ಕೋಲಿನ್. ಬಿಸಿಲಲ್ಲಿ ದುಡಿದು, ನೀರು ಸಾಲದೆ ಮೂತ್ರದಲ್ಲಿ ಕಲ್ಲು ಕಟ್ಟಿಕೊಂಡವನು ನೋವಿಗೆ ಈ ಗುಳಿಗೆ ನುಂಗಿ ಮತ್ತೆ ಸೈಟಿಗೆ ಹೋದರೆ, ಬೆವರು ಕಡಿಮೆಯಾಗಿ ಮೈಯ ಕಾವು ಏರುತ್ತಾ ಹೋಗಬಹುದು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನ ಕೆಲಸಕ್ಕೆ ಇಲ್ಲಿ ಕಾನೂನಿನ ತಡೆಯಿದೆ. ಗುಳಿಗೆ ನುಂಗಿದವನಿಗೆ ಬೆಳಗಿನ ಹತ್ತು ಗಂಟೆಯ ಬಿಸಿಲೂ ಹೆಚ್ಚೇ. ಅಂದು ಅವನಿಗೆ ನೆರಳು, ನೀರು, ರಜೆ ಮೂರೂ ಬೇಕು.