ಮೊಬೈಲಿನ ಮಿತವ್ಯಯ ಮತ್ತು ಮನೆಯ ಮಾತು

ಮಿತವ್ಯಯವೆಂದೊಡನೆ ನಮ್ಮಂಥ ಬ್ಯಾಂಕಿನವರಿಗೆ ಹಣದ ನೆನಪಾಗುವುದು ಸಹಜ. ಊರು ಬಿಟ್ಟು ಬಂದು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಗುಣವನ್ನು ಯಾರೂ ಕಲಿಸಬೇಕಾಗಿಲ್ಲ. ಒಂದೇ ಕೋಣೆಯ ಚಾಳಿನಲ್ಲಿ ಸಂಸಾರ ಹೂಡಿ, ಲೋಕಲ್ ಗಾಡಿಯ ಪಾಸಿನಿಂದ ಮಕ್ಕಳ ಶುಲ್ಕದವರೆಗೆ ಪ್ರತಿಯೊಂದಕ್ಕೂ ಲೆಕ್ಕವಿಟ್ಟ ಹಿರಿಯರ ಪೀಳಿಗೆ ನಮ್ಮ ಕಣ್ಣ ಮುಂದೆಯೇ ಇದೆ. ಆದರೆ ಹಣದ ವಿಷಯದಲ್ಲಿ ಇಷ್ಟು ಜಾಗರೂಕರಾದ ನಾವು ಕಾಲದ ವಿಷಯದಲ್ಲಿ ಮಾತ್ರ ದುಂದುಗಾರರಾಗಿದ್ದೇವೆ. ಈ ಮಾತನ್ನು ಅನ್ಯರಿಗೆ ಉಪದೇಶಿಸುವ ಅಧಿಕಾರ ನನಗಿಲ್ಲ. ನನಗೇ ಆದ ಪಾಠವೊಂದನ್ನು ವಾಚಕರ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ಕೆಲಕಾಲದ ಹಿಂದೆ ನನ್ನ ತಂದೆಯವರು ಕುಂದಾಪುರದ ಕಡೆಯ ನಮ್ಮ ಹಳ್ಳಿಯಿಂದ ಡೊಂಬಿವಲಿಯ ಮನೆಗೆ ಬಂದಿದ್ದರು. ಒಂದು ತಿಂಗಳು ಇರುವುದಾಗಿ ಹೇಳಿ ಬಂದವರು ಹತ್ತೇ ದಿನಕ್ಕೆ ಹೊರಟು ನಿಂತರು. ತೋಟದಲ್ಲಿ ಕೆಲಸವಿದೆಯೆಂಬ ನೆಪ ಹೇಳಿದರು. ಠಾಣೆ ನಿಲ್ದಾಣದಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿಗಾಗಿ ಕಾಯುತ್ತಿದ್ದಾಗ, “ಇಷ್ಟು ಬೇಗ ಯಾಕೆ ಅಪ್ಪಯ್ಯ?” ಎಂದು ಮತ್ತೊಮ್ಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಂಥದ್ದೂ ಇಲ್ಲ ಮಗಾ. ನಿಮ್ಮ ಮನೆಯಲ್ಲಿ ಎಲ್ಲರೂ ತಲೆ ತಗ್ಗಿಸಿಕೊಂಡೇ ಇರುತ್ತೀರಿ. ನಾನು ಮಾತಾಡಿದರೆ ನಿಮಗೆ ತೊಂದರೆಯಾಗುತ್ತದೋ ಏನೋ ಅಂತ ಕಾಣುತ್ತದೆ” ಎಂದರು. ಅವರ ಧ್ವನಿಯಲ್ಲಿ ಆಕ್ಷೇಪವಿರಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು.

ಕಾಲದ ಪಾಸ್‌ಬುಕ್ಕು

ಅಂದು ರಾತ್ರಿ ನನ್ನ ಫೋನಿನಲ್ಲಿಯೇ ಇರುವ ಬಳಕೆಯ ಲೆಕ್ಕವನ್ನು ತೆರೆದು ನೋಡಿದೆ. ದಿನಕ್ಕೆ ಸುಮಾರು ನಾಲ್ಕು ಗಂಟೆ! ಅದರಲ್ಲಿ ಕರೆ, ಕಚೇರಿಯ ಕೆಲಸ, ಹಣ ಪಾವತಿ ಇತ್ಯಾದಿ ಅವಶ್ಯಕ ಬಳಕೆ ಒಂದು ಗಂಟೆಯನ್ನು ಮೀರಿರಲಿಲ್ಲ. ಉಳಿದ ಮೂರು ಗಂಟೆಗಳು ಗೊತ್ತುಗುರಿಯಿಲ್ಲದೆ ಪರದೆಯ ಮೇಲೆ ಬೆರಳಾಡಿಸುವುದರಲ್ಲಿ ಕಳೆದುಹೋಗಿದ್ದವು. ದಿನಕ್ಕೆ ಮೂರು ಗಂಟೆಯೆಂದರೆ ವರ್ಷಕ್ಕೆ ೧,೦೯೫ ಗಂಟೆ, ಅರ್ಥಾತ್ ಹಗಲು ರಾತ್ರಿ ಸೇರಿಸಿ ೪೫ ದಿನಗಳಿಗೂ ಮಿಕ್ಕಿದ ಕಾಲ. ಬ್ಯಾಂಕಿನಲ್ಲಿ ವರ್ಷವಿಡೀ ದುಡಿದು ಗಳಿಸುವ ಪ್ರಿವಿಲೇಜ್ ರಜೆಗಿಂತಲೂ ಇದು ಹೆಚ್ಚು. ತಂದೆಯವರೊಡನೆ ಕೂಡಲು ರಜೆ ಸಿಗುವುದಿಲ್ಲವೆಂದು ಗೊಣಗುತ್ತಿದ್ದವನು ನಾನೇ!

ಇದು ಕೇವಲ ಮನೋದೌರ್ಬಲ್ಯವೆಂದು ಹಳಿದುಕೊಳ್ಳುವುದೂ ಸರಿಯಲ್ಲ. ಪುಸ್ತಕಕ್ಕೆ ಕೊನೆಯ ಪುಟವಿದೆ, ವೃತ್ತಪತ್ರಿಕೆಗೂ ಇದೆ. ಮೊಬೈಲಿನ ಪರದೆಗೆ ಅದಿಲ್ಲ. ಕೆಳಗೆಳೆದಷ್ಟೂ ಹೊಸದು ಬರುತ್ತಲೇ ಇರುವ ಈ ವಿನ್ಯಾಸವನ್ನು ೨೦೦೬ರಲ್ಲಿ ರೂಪಿಸಿದ ಅಮೆರಿಕದ ಅಜಾ ರಾಸ್ಕಿನ್ ಎಂಬವರೇ ಮುಂದೆ ಅದಕ್ಕಾಗಿ ಪಶ್ಚಾತ್ತಾಪವನ್ನು ವ್ಯಕ್ತಪಡಿಸಿದ್ದಾರೆ. ಹತ್ತು ಸಲ ಎಳೆದರೆ ಒಂದು ಸಲ ಮನಸ್ಸಿಗೆ ಹಿಡಿಸುವಂಥದು ಸಿಗುತ್ತದೆ. ಅದು ಯಾವಾಗ ಸಿಗುವುದೆಂದು ತಿಳಿಯದಿರುವುದೇ ಆಕರ್ಷಣೆಯ ಗುಟ್ಟು. ಮುಂಬಯಿಯ ಮಟ್ಕಾ ಜೂಜಿನ ಕಥೆಗಳನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ದೇಹಕ್ಕೂ ಇದರ ಬಾಧೆ ತಪ್ಪಿದ್ದಲ್ಲ. ನಾವು ಸಹಜವಾಗಿ ನಿಮಿಷಕ್ಕೆ ಸುಮಾರು ೧೫ ಸಲ ಕಣ್ಣು ಮಿಟುಕಿಸುತ್ತೇವೆ. ಪರದೆಯನ್ನು ದಿಟ್ಟಿಸುವಾಗ ಅದು ಬಹಳ ಕಡಿಮೆಯಾಗುವುದರಿಂದ ಕಣ್ಣು ಒಣಗಿ ಉರಿಯುತ್ತದೆ. ಬಹಳ ಹೊತ್ತು ಬಗ್ಗಿದ ಕತ್ತು ನೋಯುತ್ತದೆ. ರಾತ್ರಿಯ ವೇಳೆ ಪರದೆಯ ಬೆಳಕು ನಿದ್ರೆಗೆ ಸಹಾಯಕವಾದ ಮೆಲಟೋನಿನ್ ಎಂಬ ಸ್ರಾವವನ್ನು ತಗ್ಗಿಸುತ್ತದೆ. ಬೆಳಕಿನ ಜೊತೆಗೆ, ನೋಡಿದ ವಿಷಯವೂ ಮನಸ್ಸನ್ನು ಎಚ್ಚರವಾಗಿರಿಸುತ್ತದೆ. ಇಂಥ ತೊಂದರೆಗಳು ವೈದ್ಯರ ಗಮನಕ್ಕೂ ಬಂದಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ‘ಷಟ್ ಕ್ಲಿನಿಕ್’ ಎಂಬ ವಿಭಾಗವನ್ನು ೨೦೧೪ರಲ್ಲಿಯೇ ಆರಂಭಿಸಿದೆ. ನಿದ್ರೆ, ಓದು, ಉದ್ಯೋಗಗಳು ಕೆಡುವಷ್ಟು ಗೀಳು ಹಿಡಿದಿದ್ದರೆ ಸಂಕೋಚಪಡದೆ ಮನೋವೈದ್ಯರ ಸಲಹೆ ಪಡೆಯುವುದು ಒಳ್ಳೆಯದು.

ಒಂದು ಹಳ್ಳಿಯ ಮಾದರಿ

ಹಾಗಾದರೆ ಉಪಾಯವೇನು? ನಮ್ಮ ಬೆಳಗಾವಿ, ವಿಜಯಪುರ ಜಿಲ್ಲೆಗಳಿಗೆ ತಾಗಿಕೊಂಡಿರುವ ಸಾಂಗಲಿ ಜಿಲ್ಲೆಯ ಹಳ್ಳಿಯೊಂದು ಇದಕ್ಕೆ ಉತ್ತರ ಕಂಡುಕೊಂಡಿತು. ಸುಮಾರು ಮೂರು ಸಾವಿರ ಜನಸಂಖ್ಯೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಆ ಹಳ್ಳಿಯಲ್ಲಿ ೨೦೨೨ರಲ್ಲಿ ಒಂದು ಕ್ರಮ ಜಾರಿಗೆ ಬಂತು. ಸಂಜೆ ಏಳು ಗಂಟೆಗೆ ದೇವಸ್ಥಾನದಿಂದ ಸೈರನ್ ಮೊಳಗಿದೊಡನೆ ಮನೆಮನೆಗಳಲ್ಲಿ ದೂರದರ್ಶನ, ಮೊಬೈಲುಗಳನ್ನು ಮುಚ್ಚಿಡಬೇಕು. ಎಂಟೂವರೆಗೆ ಮತ್ತೆ ಸೈರನ್ ಆಗುವವರೆಗೆ ಓದು, ಬರಹ, ಮಾತುಕತೆ. ಕೊರೋನಾ ಕಾಲದಲ್ಲಿ ಪಾಠಕ್ಕೆಂದು ಮಕ್ಕಳ ಕೈಸೇರಿದ ಮೊಬೈಲು ಪಾಠ ಮುಗಿದ ಮೇಲೂ ಕೈಬಿಡದಿದ್ದುದೇ ಇದಕ್ಕೆ ಕಾರಣ. ಸರಪಂಚರು ಈ ಸಲಹೆಯನ್ನಿಟ್ಟಾಗ ಗಂಡಸರು ನಕ್ಕುಬಿಟ್ಟರಂತೆ. ತಾವು ಧಾರಾವಾಹಿಗಳನ್ನು ಅತಿಯಾಗಿ ನೋಡುತ್ತಿದ್ದೇವೆಂದು ಮೊದಲು ಒಪ್ಪಿಕೊಂಡವರು ಹೆಂಗಸರು.

ಈ ಪ್ರಯೋಗದಲ್ಲಿ ನನಗೆ ಎರಡು ತತ್ವಗಳು ಕಂಡವು. ಒಂದು, ಅಲ್ಲಿ ಮೊಬೈಲನ್ನು ತ್ಯಜಿಸಿಲ್ಲ, ಅದಕ್ಕೆ ವೇಳೆ ಗೊತ್ತುಪಡಿಸಿದ್ದಾರೆ. ಎರಡು, ನಿಯಮವು ಮಕ್ಕಳಿಗೆ ಮಾತ್ರವಲ್ಲ, ಎಲ್ಲರಿಗೂ ಏಕಕಾಲಕ್ಕೆ ಅನ್ವಯಿಸುತ್ತದೆ.

ನಮ್ಮ ಮನೆಯ ಪ್ರಯೋಗ

ನಮ್ಮ ಕಟ್ಟಡದಲ್ಲಿ ಸೈರನ್ ಮೊಳಗಿಸುವಂತಿಲ್ಲ. ಅದರ ಬದಲು ಅಟ್ಟದ ಮೇಲಿದ್ದ ಹಳೆಯ ಸ್ಟೀಲಿನ ಅವಲಕ್ಕಿ ಡಬ್ಬಿಯನ್ನು ಇಳಿಸಿ ಬಾಗಿಲ ಬಳಿ ಇಟ್ಟೆವು. ರಾತ್ರಿ ಎಂಟೂವರೆಯಿಂದ ಹತ್ತರವರೆಗೆ ಎಲ್ಲರ ಫೋನುಗಳೂ ಅದರೊಳಗೆ. ಕರೆ ಬಂದರೆ ಎದ್ದು ಹೋಗಿ ನಿಂತುಕೊಂಡೇ ಮಾತನಾಡಬೇಕು. ಕರೆ ಮತ್ತು ಬ್ಯಾಂಕಿನ ಸಂದೇಶಗಳ ಹೊರತು ಉಳಿದೆಲ್ಲ ಸೂಚನೆಗಳ ಸದ್ದು ಬಂದ್. ಮಲಗುವ ಕೋಣೆಗೆ ಫೋನಿಗೆ ಪ್ರವೇಶವಿಲ್ಲ. ಬೆಳಗ್ಗೆ ಎಬ್ಬಿಸಲು ಒಂದು ಅಲಾರಂ ಗಡಿಯಾರವನ್ನು ಕೊಂಡುತಂದೆವು.

ಮೊದಲ ವಾರ ಹೇಳತೀರದ ಚಡಪಡಿಕೆ. ಮಕ್ಕಳಿಗಿಂತ ನನಗೇ ಹೆಚ್ಚು! ಡಬ್ಬಿಯ ಕಡೆ ಎರಡು ಸಲ ಹೋಗಿ ಮಗಳ ಕೈಯಲ್ಲಿ ಸಿಕ್ಕಿಬಿದ್ದೆ. ಬಿಡುವಾದ ಕಾಲವನ್ನು ಬೇರೆ ಖಾತೆಗೆ ಜಮೆ ಮಾಡದಿದ್ದರೆ ಅದು ಪುನಃ ಮೊಬೈಲಿಗೇ ಖರ್ಚಾಗುತ್ತದೆಂಬುದು ಆಗ ತಿಳಿಯಿತು. ಆದುದರಿಂದ ಒಟ್ಟಿಗೆ ಊಟ, ಮರುದಿನದ ತರಕಾರಿ ಹೆಚ್ಚುವುದು, ಸರದಿಯಂತೆ ಕನ್ನಡ ಪುಸ್ತಕದ ಎರಡು ಪುಟ ಗಟ್ಟಿಯಾಗಿ ಓದುವುದು ಎಂದು ನಿಯಮಿಸಿಕೊಂಡೆವು. ರವಿವಾರ ಹೊರಗೆ ತಿರುಗಾಟ. ಠಾಣೆಯ ತಲಾವ್ ಪಾಳಿ, ಕಲ್ಯಾಣದ ಕಾಳಾ ತಲಾವ್, ವಾಶಿಯ ಸಾಗರ ವಿಹಾರ ಇವೆಲ್ಲ ನಮ್ಮ ಸಮೀಪದಲ್ಲಿಯೇ ಇವೆ. ೨೦೨೨ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಠಾಣೆ ಖಾರಿಯ ಫ್ಲೆಮಿಂಗೊಗಳನ್ನು ಮೊಬೈಲಿನಲ್ಲಿ ಎಷ್ಟೋ ಸಲ ಕಂಡಿದ್ದ ನಾವು, ಕಣ್ಣಾರೆ ಕಂಡದ್ದು ಈ ವರ್ಷವೇ.

ಅನಿರೀಕ್ಷಿತ ಲಾಭವೊಂದು ಮನೆಯ ಖರ್ಚಿನಲ್ಲಿ ಕಾಣಿಸಿತು. ಪರರ ಮನೆಯ ಸೋಫಾ, ಪರದೆ, ಪಾತ್ರೆಗಳನ್ನು ದಿನವೂ ನೋಡುವುದು ನಿಂತ ಮೇಲೆ ನಮ್ಮಲ್ಲಿದ್ದ ಹಳೆಯ ವಸ್ತುಗಳು ಹಳತೆನಿಸುವುದೂ ನಿಂತಿತು. ಸರಳ ಜೀವನವೆಂದರೆ ಆಸೆಯನ್ನು ಅದುಮುವುದಲ್ಲ, ಆಸೆ ಹುಟ್ಟಿಸುವ ಕಿಟಕಿಯನ್ನು ಸ್ವಲ್ಪ ಹೊತ್ತು ಮುಚ್ಚಿಡುವುದು ಎಂದು ಈಗ ಅನ್ನಿಸುತ್ತದೆ.

ಕನ್ನಡಕ್ಕೆ ಮನೆಯೊಂದೇ ಶಾಲೆ

ಎಲ್ಲಕ್ಕಿಂತ ಮುಖ್ಯವಾದ ಮಾತೊಂದು ಉಳಿದಿದೆ. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ, ಹಿಂದಿ. ಕನ್ನಡ ಅವರ ಕಿವಿಗೆ ಬೀಳುವುದು ಮನೆಯಲ್ಲಿ ಮಾತ್ರ. ಊರಿನಲ್ಲಿರುವ ಮನೆ ಮೌನವಾದರೆ ನೆರೆಹೊರೆಯವರಾದರೂ ಕನ್ನಡದಲ್ಲಿ ಮಾತನಾಡಿಯಾರು. ಇಲ್ಲಿ ನಮ್ಮ ಮನೆ ಮೌನವಾದರೆ ಮಕ್ಕಳ ಪಾಲಿಗೆ ಕನ್ನಡವೇ ಮೌನವಾಗುತ್ತದೆ. ನನ್ನ ಮಗ ಅಜ್ಜನೊಡನೆ ಮಾತನಾಡದಿದ್ದುದಕ್ಕೆ ಮೊಬೈಲು ಅರ್ಧ ಕಾರಣವಾದರೆ, ಮಾತಿಗೆ ಶಬ್ದಗಳೇ ಸಿಗದಿದ್ದುದು ಇನ್ನರ್ಧ ಕಾರಣ. ಆ ಶಬ್ದಗಳನ್ನು ಕೊಡಬೇಕಾಗಿದ್ದವನು ನಾನು. ನಾನೂ ತಲೆ ತಗ್ಗಿಸಿಕೊಂಡೇ ಇದ್ದೆ.

ನಮ್ಮ ಪ್ರಯೋಗ ಪರಿಪೂರ್ಣವೆಂದು ಹೇಳಲಾರೆ. ಲೋಕಲಿನಲ್ಲಿ ಕುಳಿತಾಗ ನನ್ನ ಬೆರಳು ಈಗಲೂ ಹಳೆಯ ದಾರಿ ಹಿಡಿಯುತ್ತದೆ. ಆದರೂ ರಾತ್ರಿಯ ಆ ಒಂದೂವರೆ ಗಂಟೆ ಉಳಿದುಕೊಂಡಿದೆ. ಕಳೆದ ತಿಂಗಳು ತಂದೆಯವರ ಕರೆ ಬಂದಾಗ ಮಗನೇ ಡಬ್ಬಿಯ ಬಳಿ ನಿಂತು ಮಾತನಾಡಿದ. ಅಡಿಕೆ ಸುಲಿಯುವುದು ಹೇಗೆಂದು ಕೇಳಿದನಂತೆ. ಅವರು ಇಪ್ಪತ್ತು ನಿಮಿಷ ವಿವರಿಸಿದರು. ಕೊನೆಗೆ ಫೋನು ನನ್ನ ಕೈಗೆ ಬಂತು. “ತೋಟದ ಕೆಲಸ ಮುಗಿದ ಮೇಲೆ ಒಮ್ಮೆ ಬರುತ್ತೇನೆ. ಈ ಸಲ ತಿಂಗಳು ಇರುತ್ತೇನೆ” ಎಂದರು.

ವಾಚಕರೂ ತಮ್ಮ ಮನೆಗೆ ಹೊಂದುವ ವೇಳೆಯನ್ನು ಗೊತ್ತುಮಾಡಿಕೊಂಡು, ಹಿರಿಯರೇ ಮೊದಲಾಗಿ ಇದನ್ನು ಆರಂಭಿಸಿ ನೋಡಬೇಕೆಂದು ಕೋರುತ್ತೇನೆ. ಬಂಡವಾಳ ಬೇಕಾಗಿಲ್ಲ, ಒಂದು ಡಬ್ಬಿ ಸಾಕು.