ಹಾಡು ಕಟ್ಟುವುದೂ ಕಾಪಿಡುವುದೂ

ನಮ್ಮ ಹೊಸಂಗಡಿಯ ಸುತ್ತುಮುತ್ತಲಲ್ಲಿ ಹಾಡಿಗೆ ಬರವೆಂಬುದಿಲ್ಲ. ಸಂಜೆಯಾದರೆ ಭಜನಾ ಮಂದಿರಗಳಿಂದ ತಾಳದ ದನಿ ಕೇಳಿಬರುತ್ತದೆ. ಮಳೆಗಾಲ ಕಳೆದೊಡನೆ ಬಯಲಿನಲ್ಲಿ ಯಕ್ಷಗಾನದ ಚೆಂಡೆ ಮೊಳಗುತ್ತದೆ. ನಾಟಿಯ ಗದ್ದೆಯಲ್ಲಿ ದುಡಿದ ಹಿರಿಯ ಹೆಂಗಸರಿಗೆ ಓಬೇಲೆಯ ಹಾಡು ಇನ್ನೂ ನೆನಪಿದೆ. ಇವುಗಳ ಜತೆಗೆ ಈಗ ಜೇಬಿನೊಳಗಿನ ಮೊಬೈಲು ಲೋಕದ ಹಾಡುಗಳನ್ನೆಲ್ಲ ಬೇಕೆಂದಾಗ ಕೇಳಿಸುತ್ತದೆ. ಇಷ್ಟೆಲ್ಲ ಇದ್ದರೂ ವಿದ್ಯಾರ್ಥಿ ಮಿತ್ರರು ಒಂದು ಮಾತನ್ನು ಯೋಚಿಸಬೇಕು. ಇವೆಲ್ಲವೂ ಇನ್ನೊಬ್ಬರು ಕಟ್ಟಿದ ಹಾಡುಗಳು. ನಾವು ಕೇಳುವವರು, ಹೆಚ್ಚೆಂದರೆ ಅನುಕರಿಸಿ ಹಾಡುವವರು. ನಮ್ಮ ಮನೆಯನ್ನೂ ನಮ್ಮ ಮಳೆಯನ್ನೂ ಕುರಿತು ನಾವೇ ಗೆಳೆಯರು ಕೂಡಿ ಒಂದು ಹಾಡನ್ನು ಕಟ್ಟಿ, ಅದನ್ನು ಧ್ವನಿಮುದ್ರಿಸಿ ಇಟ್ಟುಕೊಳ್ಳಬಾರದೇಕೆ? ಅದು ಹೇಗೆ ಸಾಧ್ಯ, ಅದರಿಂದ ಪ್ರಯೋಜನವೇನು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಹಾಡು ಕಟ್ಟುವುದು ದೂರದ ಪಂಡಿತರ ಕೆಲಸವೆಂದು ಹಿಂಜರಿಯುವವರು ನಮ್ಮ ನೆರೆಯವರನ್ನು ನೆನೆಯಬೇಕು. ರಾಮಾಯಣದ ಕಥೆಗಳನ್ನು ಯಕ್ಷಗಾನದ ಪದಗಳಾಗಿ ಹೆಣೆದ ಪಾರ್ತಿಸುಬ್ಬನು ಕುಂಬಳೆಯವನು. ರಾಷ್ಟ್ರಕವಿ ಗೋವಿಂದ ಪೈಗಳು (1883–1963) ಪಕ್ಕದ ಮಂಜೇಶ್ವರದವರು. ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸವಿರಲೇಬೇಕೆಂದು ಶತಮಾನಗಳಿಂದ ನಡೆದುಬಂದಿದ್ದ ಕಟ್ಟನ್ನು ಅವರು 1911ರ ಸುಮಾರಿಗೆ ಬಿಟ್ಟುಕೊಟ್ಟು ಬರೆಯತೊಡಗಿದರು. ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಅಧ್ಯಾಪಕರೂ ಕೃಷಿಕರೂ ಆಗಿದ್ದುಕೊಂಡೇ ಕವಿತೆ ಬರೆದರು. ಇವರು ಯಾರೂ ರಾಜಧಾನಿಯಲ್ಲಿ ಕುಳಿತು ಬರೆದವರಲ್ಲ. ಈ ಮಣ್ಣಿನಲ್ಲಿದ್ದುಕೊಂಡೇ ಬರೆಯಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಾವು ನಾಲ್ವರು ಗೆಳೆಯರು ಶಾಲೆಯಲ್ಲಿದ್ದಾಗ, 1980ರ ದಶಕದಲ್ಲಿ, ಈ ಸಾಹಸಕ್ಕೆ ಕೈಹಾಕಿದ್ದೆವು. ನಮ್ಮಲ್ಲೊಬ್ಬನ ಮಾವನವರು ಗಲ್ಫಿನಿಂದ ಒಂದು ಟೇಪ್ ರೆಕಾರ್ಡರು ತಂದಿದ್ದರು. ನಮ್ಮ ಮೊದಲನೆಯ ಹಾಡಿನಲ್ಲಿ ಹಿಮಾಲಯವಿತ್ತು, ಮಂಜಿನ ಬೆಟ್ಟಗಳಿದ್ದವು, ಕೊಳಲೂದುವ ಕುರುಬನಿದ್ದನು. ಹಿಮವನ್ನು ಕಣ್ಣಾರೆ ಕಂಡವನು ನಮ್ಮಲ್ಲಿ ಒಬ್ಬನೂ ಇರಲಿಲ್ಲ. ಆ ಮನೆಯ ಅಜ್ಜಿಯವರು ಚಾವಡಿಯಲ್ಲಿ ಕುಳಿತು ಪೂರ್ತಿ ಕೇಳಿ, "ಹಾಡು ಒಳ್ಳೇದುಂಟು ಮಕ್ಕಳೇ. ಆದರೆ ಇದು ಯಾರ ಊರಿನದ್ದು?" ಎಂದರು. ನಮಗೆ ಉತ್ತರ ತೋಚಲಿಲ್ಲ. ಹೊರಗೆ ಆಷಾಢದ ಮಳೆ ಹೊಯ್ಯುತ್ತಿತ್ತು. ಮರುದಿನ ನಾವು ಬರೆದ ಎರಡು ಸಾಲುಗಳು ಹೀಗಿದ್ದವು:

ಮನೆಯ ಮಾಡಿಗೆ ಮಳೆಯ ತಾಳವು
ಒಳಗೆ ನಮ್ಮಯ ದನಿಯ ಮೇಳವು

ಇದೇನೂ ಮಹಾಕಾವ್ಯವಲ್ಲ. ಆದರೆ ಹಾಡಿನ ಸಾಲು ಹೇಗೆ ನಿಲ್ಲುತ್ತದೆಂಬುದನ್ನು ತೋರಿಸಲು ಇಷ್ಟು ಸಾಕು. ವ್ಯಾಕರಣದ ಪಾಠದಲ್ಲಿ ಕಲಿತಂತೆ ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸೊನ್ನೆ ಕೂಡಿದ ಅಕ್ಷರಕ್ಕೂ ಎರಡು ಮಾತ್ರೆ. 'ಮನೆಯ' ಎಂಬಲ್ಲಿ ಮೂರು, 'ಮಾಡಿಗೆ' ಎಂಬಲ್ಲಿ ನಾಲ್ಕು, ಮತ್ತೆ 'ಮಳೆಯ' ಮೂರು, 'ತಾಳವು' ನಾಲ್ಕು. ಎರಡನೆಯ ಸಾಲನ್ನೂ ಹೀಗೆಯೇ ಎಣಿಸಿ ನೋಡಬಹುದು. ಮೂರು ನಾಲ್ಕರ ಈ ನಡೆಯೇ ಭಾಮಿನೀ ಷಟ್ಪದಿಯ ನಡೆ. ಏಳರ ಎಣಿಕೆಯ ಮಿಶ್ರಛಾಪು ತಾಳಕ್ಕೂ ಯಕ್ಷಗಾನದ ತ್ರಿವುಡೆಗೂ ಇದು ಸಹಜವಾಗಿ ಹೊಂದುತ್ತದೆ. 'ಮಳೆಯ' ಎಂಬುದನ್ನು ತೆಗೆದು 'ಮಳೆರಾಯನ' ಎಂದಿಟ್ಟು ಕೈತಟ್ಟಿ ಹಾಡಿದರೆ, ಮೂರು ಮಾತ್ರೆಯ ಜಾಗದಲ್ಲಿ ಆರು ನುಗ್ಗಿ ತಾಳವು ಎಡವುತ್ತದೆ. ಪರೀಕ್ಷೆಗಾಗಿ ಮಾತ್ರ ಓದುವ ಛಂದಸ್ಸು ಹೀಗೆ ಕೈಗೆ ಬಂದಾಗ ಎಷ್ಟು ಸುಲಭವೆಂದು ತಿಳಿಯುತ್ತದೆ. ಪ್ರಾಸವು ತಾನಾಗಿ ಬಂದರೆ ಬರಲಿ. ಅದಕ್ಕಾಗಿ ಅರ್ಥವಿಲ್ಲದ ಪದವನ್ನು ಎಳೆದು ತರಬೇಕಾಗಿಲ್ಲ.

ಸಾಲು ನಿಂತ ಮೇಲೆ ರಾಗ. ಇಲ್ಲಿ ಒಂದೇ ಒಂದು ಎಚ್ಚರಿಕೆ ಬೇಕು. ಕನ್ನಡದಲ್ಲಿ ಹ್ರಸ್ವವನ್ನು ಹಿಗ್ಗಿಸಿದರೆ ಅರ್ಥವೇ ಬದಲಾಗುವುದುಂಟು. ರಾಗದ ಭರದಲ್ಲಿ ಎಳೆದರೆ ಬಳೆಯು ಬಾಳೆಯಾಗುತ್ತದೆ, ಹಳೆಯ ಮನೆಯು ಹಾಳೆಯ ಮನೆಯಾಗುತ್ತದೆ. ಆದುದರಿಂದ ಸಾಲನ್ನು ಮೊದಲು ಮಾತಿನಂತೆ ನಾಲ್ಕಾರು ಸಲ ಹೇಳಿಕೊಂಡು, ಮಾತು ಸಹಜವಾಗಿ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಯೇ ಸ್ವರವನ್ನು ಎಳೆಯುವುದು ಲೇಸು.

ಶ್ರುತಿಯನ್ನು ಗೊತ್ತುಮಾಡುವಾಗ ಹಾಡಿನ ಅತಿ ಎತ್ತರದ ಜಾಗವನ್ನು ಮೊದಲು ಹಾಡಿ ನೋಡಬೇಕು. ಅದು ಎಲ್ಲರಿಗೂ ನಿಲುಕಿದರೆ ಉಳಿದುದೆಲ್ಲ ನಿಲುಕುತ್ತದೆ. ಹದಿಮೂರು ಹದಿನಾಲ್ಕರ ಹುಡುಗರಿಗೆ ದನಿ ಒಡೆಯುವ ಕಾಲ. ಕಳೆದ ವರ್ಷ ಹಾಡಿದ ಶ್ರುತಿ ಈ ವರ್ಷ ನಿಲುಕದಿರಬಹುದು. ಅದಕ್ಕೆ ನಾಚಬೇಕಾಗಿಲ್ಲ, ಬಲವಂತವಾಗಿ ಕಿರಿಚಲೂಬಾರದು. ಅಂಥವನು ತಾಳ ಹಾಕಲಿ, ಇಲ್ಲವೆ ಕೇಳುಗನಾಗಲಿ. ನಮ್ಮ ನಾಲ್ವರಲ್ಲಿ ಶ್ರುತಿಗೆ ಸೇರದ ಒಬ್ಬನಿದ್ದನು. ಅವನೇ ಯಂತ್ರದ ಬಳಿ ಕುಳಿತು ನಮ್ಮ ತಪ್ಪುಗಳನ್ನೆಲ್ಲ ಹಿಡಿದವನು. ಹಾಡುವವನಿಗೆ ತನ್ನ ತಪ್ಪು ತನಗೆ ಕೇಳಿಸುವುದು ಕಷ್ಟ. ಆದುದರಿಂದಲೇ ಈ ಕೆಲಸಕ್ಕೆ ಗೆಳೆಯರು ಬೇಕು.

ಇನ್ನು ಧ್ವನಿಮುದ್ರಣದ ವಿಚಾರ. 1877ರಲ್ಲಿ ಎಡಿಸನ್ನನು ದನಿಯನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಯಂತ್ರವನ್ನು ಮಾಡಿದನು. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡುಗಳು ಗ್ರಾಮಫೋನಿಗಾಗಿ ಮುದ್ರಣಗೊಂಡವು. ಅಂದಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷದಷ್ಟು ಹಾಡು ಮಾತ್ರ. 1963ರಲ್ಲಿ ಕ್ಯಾಸೆಟ್ಟು ಬಂದಿತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ'ವು 1978ರಲ್ಲಿ ಕ್ಯಾಸೆಟ್ಟಾಗಿ ಹೊರಬಂದು, ಕನ್ನಡದ ಭಾವಗೀತೆಯನ್ನು ಮನೆಮನೆಗೆ ಮುಟ್ಟಿಸಿತು. ಹಿಂದೆ ದೊಡ್ಡ ಕಂಪನಿಗಳಿಗೆ ಮಾತ್ರ ಸಾಧ್ಯವಾಗಿದ್ದ ಈ ಕೆಲಸವನ್ನು ಇಂದು ತಾಯಿಯ ಕೈಯಲ್ಲಿರುವ ಮೊಬೈಲು ಮಾಡುತ್ತದೆ. ಒಳ್ಳೆಯ ಧ್ವನಿಮುದ್ರಣದಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕೆಗಳಾಗಿ ಬರೆದಿಡಲಾಗುತ್ತದೆ. ಆ ಅಂಕೆಗಳಿಂದಲೇ ದನಿಯು ಮತ್ತೆ ಹುಟ್ಟುತ್ತದೆ.

ಯಂತ್ರವೆಷ್ಟೇ ಒಳ್ಳೆಯದಾದರೂ ಕೋಣೆ ಸರಿಯಿರಬೇಕು. ದನಿಯು ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಮೂರು ಮೀಟರು ದೂರದ ಬೋಳುಗೋಡೆಗೆ ತಾಗಿದ ದನಿಯು ಸೆಕೆಂಡಿನ ಐವತ್ತರಲ್ಲೊಂದು ಭಾಗ ಕಳೆಯುವ ಮೊದಲೇ ತಿರುಗಿ ಬಂದು ಮೂಲದ ದನಿಯೊಡನೆ ಕಲಸಿಹೋಗುತ್ತದೆ. ಖಾಲಿ ಕೋಣೆಯಲ್ಲಿ ಹಾಡಿದ ಹಾಡು ಬಾವಿಯೊಳಗಿಂದ ಬಂದಂತೆ ಕೇಳುವುದು ಈ ಕಾರಣದಿಂದ. ಹತ್ತಿಯ ಹಾಸಿಗೆ, ಕಂಬಳಿ, ಬಟ್ಟೆ ತುಂಬಿದ ಕಪಾಟು ಇವು ದನಿಯನ್ನು ಹೀರಿಕೊಳ್ಳುತ್ತವೆ. ಆದುದರಿಂದ ಚಾವಡಿಗಿಂತ ಮಲಗುವ ಕೋಣೆ ಮೇಲು. ಫ್ಯಾನನ್ನು ನಿಲ್ಲಿಸಬೇಕು. ನಡುವೆ ಕರೆ ಬಂದು ಕೆಡದಂತೆ ಮೊಬೈಲನ್ನು ಏರೋಪ್ಲೇನ್ ಮೋಡಿನಲ್ಲಿ ಇಡಬೇಕು. ಮೇಜಿನ ಮೇಲೆ ನೇರವಾಗಿ ಇಟ್ಟರೆ ಕೈತಗಲಿದ ಸದ್ದೆಲ್ಲ ಮರದ ಮೂಲಕ ಒಳಸೇರುತ್ತದೆ. ಮಡಚಿದ ಬೈರಾಸಿನ ಮೇಲೆ ಇಟ್ಟರೆ ಆ ತೊಂದರೆಯಿಲ್ಲ.

ನಮ್ಮೂರಿನಲ್ಲಿ ಮಳೆ, ಹೆದ್ದಾರಿಯ ವಾಹನ, ಮಂಜೇಶ್ವರದ ರೈಲು ಇವುಗಳನ್ನು ನಿಲ್ಲಿಸುವುದು ಯಾರಿಂದಲೂ ಆಗದು. ಅದಕ್ಕೆ ಉಪಾಯವೆಂದರೆ ಮೊಬೈಲನ್ನು ಬಾಯಿಗೆ ಹತ್ತಿರ ತರುವುದು. ದೂರವು ಅರ್ಧವಾದರೆ ಹಾಡುವವನ ದನಿಯ ತೀವ್ರತೆಯು ನಾಲ್ಮಡಿಯಾಗುತ್ತದೆ. ಮಳೆಯ ಸದ್ದಾದರೋ ಇದ್ದಷ್ಟೇ ಇರುತ್ತದೆ. ಒಂದು ಗೇಣಿನಷ್ಟು ದೂರ ಸಾಕು. ತೀರ ಹತ್ತಿರವಾದರೆ 'ಪ' 'ಬ'ಗಳ ಉಸಿರು ಬಡಿದು ಒಡೆದಂತೆ ಕೇಳುತ್ತದೆ. ಆಗ ತುಸು ಬದಿಗೆ ಸರಿಸಿ ಇಡಬೇಕು. ನಾಲ್ವರು ಹಾಡುವಾಗ ದೊಡ್ಡ ದನಿಯವನು ಒಂದು ಹೆಜ್ಜೆ ಹಿಂದೆ ನಿಲ್ಲಲಿ, ಸಣ್ಣ ದನಿಯವನು ಮುಂದೆ ಬರಲಿ.

ಈಗ ನಮ್ಮದೊಂದು ತಪ್ಪನ್ನು ಹೇಳಬೇಕಾಗಿದೆ. ಮಳೆಯ ಹಾಡನ್ನು ನಾವು ಮೊದಲ ಸಲ ಮುದ್ರಿಸುತ್ತಿದ್ದಾಗ, ಎರಡನೆಯ ಚರಣದ ನಡುವೆ ಅಡಿಗೆಮನೆಯಿಂದ ಅಜ್ಜಿಯವರು, "ಕಾಪಿ ತಣ್ಣಗಾಗ್ತದೆ, ಬನ್ನಿ ಮಕ್ಕಳೇ" ಎಂದು ಕೂಗಿದರು. ಹಾಡು ಕೆಟ್ಟಿತೆಂದು ನಮಗೆ ಸಿಟ್ಟು ಬಂದಿತು. ಸುರುಳಿಯನ್ನು ಹಿಂದಕ್ಕೆ ತಿರುಗಿಸಿ, ಅದರ ಮೇಲೆಯೇ ಮತ್ತೊಮ್ಮೆ ಹಾಡಿದೆವು. ಟೇಪ್ ರೆಕಾರ್ಡರಿನಲ್ಲಿ ಮುದ್ರಿಸುವ ಭಾಗಕ್ಕಿಂತ ಮೊದಲೇ ಅಳಿಸುವ ಭಾಗವೊಂದಿರುತ್ತದೆ. ಸುರುಳಿಯು ಅದನ್ನು ದಾಟುವಾಗ ಹಿಂದಿನ ದನಿಯೆಲ್ಲ ಅಳಿದುಹೋಗುತ್ತದೆ. ಅಜ್ಜಿಯವರು ತೀರಿಕೊಂಡು ಬಹಳ ಕಾಲವಾಯಿತು. ಆ ಕ್ಯಾಸೆಟ್ಟು ಇನ್ನೂ ನಮ್ಮಲ್ಲಿದೆ. ಅದರಲ್ಲಿ ನಮ್ಮ ಎಳೆಯ ದನಿಗಳು ತಪ್ಪಿಲ್ಲದೆ ಕೇಳುತ್ತವೆ. ಅವರ ದನಿ ಮಾತ್ರ ಎಲ್ಲಿಯೂ ಇಲ್ಲ. ನಾವು ನಾಲ್ವರೂ ಒಟ್ಟಾದಾಗ ಅದನ್ನು ಹಾಕಿ ಕೇಳುತ್ತೇವೆ. ಎರಡನೆಯ ಚರಣ ಬಂದಾಗ ಯಾರೂ ಮಾತಾಡುವುದಿಲ್ಲ.

ಆದುದರಿಂದ ವಿದ್ಯಾರ್ಥಿಗಳಲ್ಲಿ ನಮ್ಮ ಕೋರಿಕೆಯೇನೆಂದರೆ, ಮೊದಲ ಸಲದ ಮುದ್ರಣವನ್ನು ಎಷ್ಟೇ ಕೆಟ್ಟಿದ್ದರೂ ಅಳಿಸಬೇಡಿರಿ. ಬೇರೊಂದಾಗಿ ಇನ್ನೊಮ್ಮೆ ಮುದ್ರಿಸಿರಿ. ಮೊಬೈಲಿನಲ್ಲಿ ಅದಕ್ಕೆ ಜಾಗದ ಕೊರತೆ ಕಡಿಮೆ. ಒಂದಕ್ಕಿಂತ ಹೆಚ್ಚು ಕಡೆಗಳಲ್ಲಿ ಪ್ರತಿಯನ್ನಿಡಿರಿ, ಏಕೆಂದರೆ ಮೊಬೈಲು ನೀರಿಗೆ ಬೀಳುತ್ತದೆ, ಕೆಡುತ್ತದೆ, ಮಾರಿಹೋಗುತ್ತದೆ. ಮುಖ್ಯವಾಗಿ ಒಂದು ಬರೆಯುವ ಪುಸ್ತಕದಲ್ಲಿ ಹಾಡಿನ ಸಾಹಿತ್ಯ, ಕಟ್ಟಿದವರ ಹೆಸರು, ಹಾಡಿದವರ ಹೆಸರು, ತಾಳ, ದಿನಾಂಕ ಇವಿಷ್ಟನ್ನು ಶಾಯಿಯಲ್ಲಿ ಬರೆದಿಡಿರಿ. ಯಂತ್ರಗಳು ಹಳತಾಗಿ ಮೂಲೆ ಸೇರುತ್ತವೆ. ಪುಸ್ತಕವನ್ನು ಯಾವ ಕಾಲದಲ್ಲಿಯೂ ತೆರೆದು ಓದಬಹುದು.

'ನಮ್ಮ ಹಾಡು' ಎನ್ನುವಾಗ ಪ್ರಾಮಾಣಿಕತೆಯೂ ಬೇಕು. ಸಿನೆಮಾದ ರಾಗಕ್ಕೆ ಹೊಸ ಮಾತು ಹಾಕುವುದು ಅಭ್ಯಾಸಕ್ಕೆ ಒಳ್ಳೆಯದೇ. ಆದರೆ ಆ ರಾಗ ನಮ್ಮದಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯದ ಕಾನೂನಿನ ಪ್ರಕಾರ ಹಾಡನ್ನು ಕಟ್ಟಿದವರ ಹಕ್ಕು ಅವರ ಜೀವಮಾನದುದ್ದಕ್ಕೂ ಅನಂತರ ಅರುವತ್ತು ವರ್ಷಗಳ ವರೆಗೂ ಇರುತ್ತದೆ. ಅದೇ ಕಾನೂನು ಹತ್ತು ವರ್ಷದ ಬಾಲಕಿಯು ಸ್ವಂತವಾಗಿ ಕಟ್ಟಿದ ಹಾಡನ್ನೂ ಕಾಯುತ್ತದೆ. ಅಜ್ಜಿಯಿಂದ ಕಲಿತ ಹಾಡಾದರೆ ಅಜ್ಜಿಯಿಂದ ಕಲಿತುದೆಂದೇ ಪುಸ್ತಕದಲ್ಲಿ ಬರೆಯಬೇಕು.

ಕೊನೆಯದಾಗಿ ಪೋಷಕರಲ್ಲಿ ಎರಡು ಮಾತು. ಪಾಠ ಓದುವ ಹೊತ್ತಿನಲ್ಲಿ ಹಾಡೇಕೆ ಎಂದು ತಾವು ಕೇಳಬಹುದು. ನಮ್ಮ ಮಕ್ಕಳು ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಮಾತಾಡಿ, ಶಾಲೆಗೆ ಬಂದು ಕನ್ನಡದಲ್ಲಿ ಕಲಿಯುವವರು. 1956ರ ನವೆಂಬರ 1ರಂದು ಈ ನೆಲವು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಕನ್ನಡವನ್ನು ಉಳಿಸಿಕೊಂಡು ಬಂದುದರಲ್ಲಿ ಶಾಲೆಗಳ ಪಾಲು ದೊಡ್ಡದು. ಆದರೆ ಶಾಲೆಯೊಂದರಿಂದಲೇ ಭಾಷೆ ಉಳಿಯದು. ಉತ್ತರಪತ್ರಿಕೆಯಲ್ಲಿ ಮಾತ್ರ ಬರೆಯುವ ಕನ್ನಡವು ಪರೀಕ್ಷೆ ಮುಗಿದ ದಿನ ಮುಗಿಯುತ್ತದೆ. ಒಂದು ಸಾಲಿಗೆ ತಕ್ಕ ಪದ ಸಿಗದೆ ಅರ್ಧ ಗಂಟೆ ಹುಡುಕಿ, ಮೂರು ಮಾತ್ರೆಯ ಪದವೊಂದನ್ನು ಕೊನೆಗೆ ಕಂಡುಕೊಂಡ ಮಗುವಿಗೆ ಆ ಪದವು ಸ್ವಂತದ್ದಾಗುತ್ತದೆ. ಮನೆಮಾತಿನಲ್ಲಿಯೂ ಹಾಡು ಕಟ್ಟಲಿ; ಒಂದು ಭಾಷೆಯಲ್ಲಿ ಕಲಿತ ಕೈ ಇನ್ನೊಂದಕ್ಕೂ ಒದಗುತ್ತದೆ.

ಮುಂದಿನ ಮಳೆಗಾಲದ ಒಂದು ರಜಾದಿನ ತಮ್ಮ ಮನೆಯ ಕೋಣೆಯೊಂದನ್ನು ಮಕ್ಕಳಿಗೂ ಅವರ ಗೆಳೆಯರಿಗೂ ಬಿಟ್ಟುಕೊಡಿರಿ. ಗದ್ದಲವಾದರೆ ಸಹಿಸಿಕೊಳ್ಳಿರಿ. ನಡುವೆ ಕಾಫಿಗೆ ಕರೆಯಬೇಕೆನಿಸಿದರೆ ಧಾರಾಳವಾಗಿ ಕರೆಯಿರಿ. ಆ ಕರೆಯೂ ಅದರಲ್ಲಿ ಮುದ್ರಣವಾಗಲಿ.