ಹಾವಿನ ತಲೆಯ ದೊಡ್ಡ ಪತಂಗ: ಗುರುತು ಮತ್ತು ಜೀವನ ಚರಿತ್ರೆ

ಮಳೆಗಾಲದ ರಾತ್ರಿಗಳಲ್ಲಿ ಅಂಗೈಗಿಂತ ದೊಡ್ಡದಾದ ಕಂದುಗೆಂಪು ಪತಂಗವೊಂದು ತೋಟದ ಮನೆಯ ದೀಪಕ್ಕೆ ಬಂದು ಗೋಡೆಗೆ ಅಂಟಿ ಕುಳಿತಿರುವುದುಂಟು. ಹಾವಿನ ತಲೆಯಂತಿರುವ ರೆಕ್ಕೆಯ ತುದಿಯನ್ನು ಕಂಡು ಹೆದರಿ ಕೊಲ್ಲುವುದಾಗಲೀ, ಬೆಳೆ ತಿನ್ನುವ ಕೀಟವೆಂದು ಔಷಧಿ ಹೊಡೆಯುವುದಾಗಲೀ ಅನಗತ್ಯ. ಇದು ಅಟ್ಲಾಸ್ ಜಾತಿಯ ಕಾಡು ರೇಷ್ಮೆ ಪತಂಗ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಪ್ರಭೇದಕ್ಕೆ ಅಟ್ಟಾಕಸ್ ಟಪ್ರೊಬೇನಿಸ್ ಎಂದು ಹೆಸರು.

ಗುರುತಿಸುವುದು ಹೇಗೆ?

ಬಿಚ್ಚಿದ ರೆಕ್ಕೆಗಳ ಅಗಲ 20 ಸೆಂ.ಮೀ. ದಾಟಬಹುದು. ಪ್ರತಿ ರೆಕ್ಕೆಯ ನಡುವೆ ಗಾಜಿನಂತೆ ಬೆಳಕು ಹಾಯುವ ತ್ರಿಕೋನ ಮಚ್ಚೆಯಿರುತ್ತದೆ. ಹೆಣ್ಣು ದೊಡ್ಡದು, ಗಂಡಿನ ಮೀಸೆ ಗರಿಯಂತೆ ಅಗಲ. ತರೀಕೆರೆಯ ಪಶ್ಚಿಮಕ್ಕಿರುವ ಕಾಡಂಚಿನ ತೋಟಗಳು ಇದಕ್ಕೆ ಒಗ್ಗುವ ನೆಲೆ. ಕಡೂರು, ಅಜ್ಜಂಪುರದ ಬಯಲಿನಲ್ಲಿ ಮತ್ತಿ, ಬೋರೆ ಮರಗಳ ಬಳಿ ದೊಡ್ಡ ಪತಂಗ ಕಂಡರೆ ಅದು ಟಸಾರ್ ಇರಬಹುದು. ಟಸಾರ್ ರೆಕ್ಕೆಯ ಮಚ್ಚೆ ತ್ರಿಕೋನವಲ್ಲ, ಕಣ್ಣಿನಂತೆ ದುಂಡು; ಗಟ್ಟಿಯಾದ ಮೊಟ್ಟೆಯಾಕಾರದ ಗೂಡು ತೊಟ್ಟಿನಿಂದ ಕೊಂಬೆಗೆ ನೇತಾಡುತ್ತದೆ. ತಿಳಿಹಸಿರು ಬಣ್ಣದ, ಉದ್ದ ಬಾಲವುಳ್ಳದ್ದು ಚಂದ್ರ ಪತಂಗ.

ಜೀವನ ಚರಿತ್ರೆ

ಹೆಣ್ಣು ಎಲೆಗಳ ಅಡಿಯಲ್ಲಿ ಮೊಟ್ಟೆಯಿಡುತ್ತದೆ. ಸುಮಾರು 10 ದಿನಗಳಲ್ಲಿ ಮರಿಹುಳುಗಳು ಹೊರಬಂದು ಕಾಡುಮರಗಳ ಜೊತೆಗೆ ದಾಲ್ಚಿನ್ನಿ, ಸೀಬೆ, ನಿಂಬೆ ಜಾತಿಯ ಗಿಡಗಳ ಎಲೆಗಳನ್ನೂ ತಿನ್ನುತ್ತವೆ. ಬಲಿತ ಹುಳು ಸುಮಾರು 10 ಸೆಂ.ಮೀ. ಉದ್ದವಿದ್ದು, ಮೈಮೇಲೆ ಮೃದುವಾದ ಮುಳ್ಳುಗಳೂ ಬಿಳಿ ಮೇಣದ ಪುಡಿಯೂ ಇರುತ್ತವೆ. ಕೆಣಕಿದರೆ ಘಾಟು ದ್ರವ ಚಿಮ್ಮಿಸುತ್ತದೆ.

ಅನಂತರ ಹುಳು ಎಲೆಯನ್ನು ಸುತ್ತಿಕೊಂಡು ಕಂದು ಗೂಡು ಕಟ್ಟುತ್ತದೆ. ಎಲೆ ಉದುರದಂತೆ ತೊಟ್ಟನ್ನೂ ರೇಷ್ಮೆಯಿಂದ ಕೊಂಬೆಗೆ ಬಿಗಿಯುತ್ತದೆ. ಸುಮಾರು ನಾಲ್ಕು ವಾರಗಳಲ್ಲಿ ಪತಂಗ ಹೊರಬರುತ್ತದೆ. ಒಣಹವೆಯಲ್ಲಿ ತಿಂಗಳುಗಟ್ಟಲೆ ಗೂಡಿನೊಳಗೇ ಉಳಿಯಬಹುದು. ಈ ಗೂಡಿನ ನೂಲು ತುಂಡುತುಂಡಾದ್ದರಿಂದ ಹಿಪ್ಪುನೇರಳೆ ರೇಷ್ಮೆಯಂತೆ ಬಿಚ್ಚಾಣಿಕೆಗೆ ಬಾರದು.

ಪತಂಗಕ್ಕೆ ತಿನ್ನುವ ಬಾಯಿಯೇ ಇಲ್ಲ. ಮರಿಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನ ಬಲದಿಂದ ಒಂದೆರಡು ವಾರ ಬದುಕಿ, ಕೂಡಿ, ಮೊಟ್ಟೆಯಿಟ್ಟು ಸಾಯುತ್ತದೆ.

ಹತೋಟಿ ಬೇಕೆ?

ಪತಂಗದಿಂದ ಬೆಳೆಗೆ ಯಾವ ಹಾನಿಯೂ ಇಲ್ಲ. ತೆಂಗಿನ ಗರಿ ತಿನ್ನುವ ಕಪ್ಪುತಲೆ ಹುಳುವಿಗೂ ಇದಕ್ಕೂ ಸಂಬಂಧವಿಲ್ಲ. ಅದರ ಪತಂಗ ಬೂದುಬಣ್ಣದ ಸಣ್ಣ ಕೀಟ. ಎಳೆಯ ಸೀಬೆ ಅಥವಾ ನಿಂಬೆ ಸಸಿಯಲ್ಲಿ ಮರಿಹುಳುಗಳು ಕಂಡರೆ ರೆಂಬೆ ಸಮೇತ ಕತ್ತರಿಸಿ ಬೇಲಿಯ ಕಾಡುಗಿಡಕ್ಕೆ ಸಾಗಿಸಿದರೆ ಸಾಕು. ನಾಲ್ಕಾರು ಹುಳುಗಳಿಗಾಗಿ ಔಷಧಿ ಸಿಂಪಡಿಸಿದರೆ ಜೇನುನೊಣಗಳೂ, ಕೀಟಗಳನ್ನು ಹಿಡಿತದಲ್ಲಿಡುವ ಪರತಂತ್ರ ಜೀವಿಗಳೂ ಸಾಯುತ್ತವೆ. ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದ್ದರೆ ಔಷಧಿ ಬಿದ್ದ ಸೊಪ್ಪನ್ನು ತಿಂದು ರೇಷ್ಮೆ ಹುಳುಗಳೂ ಸಾಯಬಹುದು. ಆದ್ದರಿಂದ ಮೊದಲು ಗುರುತು ಹಿಡಿಯಿರಿ, ಅನಂತರ ಹತೋಟಿಯ ಯೋಚನೆ ಮಾಡಿರಿ.